ತಣ್ಣಗಿರುವಾಗಲೇ ನೋಡಬೇಕು

ಕೀಲಿ ಕೇಳುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡು,
ಅಂದಿದ್ದ ನಸಾರಿಯೋ ಮಾವ.
ಬೆಚ್ಚಗಿದ್ದರೆ ಮಾತೇ ಬೇಡ, ತಿರುಗಿ ಬಂದುಬಿಡು.
ನೀನು ಬರುವ ಮುಂಚೆಯೇ ಎಬ್ಬಿಸಿ, ಕೆಮ್ಮಿಸಿ,
ಮುಖ ತೊಳೆಸಿ ನಿಲ್ಲಿಸಿದ್ದಾರೆ ಅಂತ ಅರ್ಥ.
ಡೀಸೆಲ್ ಗಾಡಿ ಸುಳ್ಳು ಹೇಳದಿರುವುದು
ಮುಂಜಾನೆಯ ಮೊದಲ ಕೆಮ್ಮಿನಲ್ಲಿ ಮಾತ್ರ.

ಹನ್ನೆರಡು ವರ್ಷ ಒಡೆಸ್ಸಾದ ತಗಡಿನ ಆಫೀಸಿನಲ್ಲಿ
ಫೋನು ಹಿಡಿದು ಕೂತವಳು ನಾನು.
ರಾತ್ರಿ ಎರಡಕ್ಕೆ ಎಲ್ಲೋ ಒಂದು ಎಣ್ಣೆಬಾವಿ ನಿಂತಿದೆ,
ಒಂದೇ ಒಂದು ವಾಲ್ವಿಗಾಗಿ ಮೂವತ್ತು ಮಂದಿ ಕೈಕಟ್ಟಿ ನಿಂತಿದ್ದಾರೆ,
ಗಂಟೆಗಿಷ್ಟು ಸಾವಿರ ಡಾಲರ್ ಮರಳಿಗೆ ಸುರಿಯುತ್ತಿದೆ.
ಡ್ರೈವರುಗಳಿಗೆ ನಾನು ಕೇಳುತ್ತಿದ್ದದ್ದು ಒಂದೇ:
ಎಲ್ಲಿದ್ದೀಯ?
ಮೊನಹಾನ್ಸ್ ದಾಟಿದೆ. ಪೇಕೋಸ್ ಬಂತು.
ಆಮೇಲೆ, ಕೆಲವು ರಾತ್ರಿ, ಉತ್ತರವಿಲ್ಲ.
ಬರೀ ಗಾಳಿ. ಯಾರೋ ಟೈರಿಗೆ ಒದೆಯುವ ಸದ್ದು.

ಈಗ ಆ ಪ್ರಶ್ನೆಯ ಆಚೆ ಬದಿಗೆ ಹೋಗಬೇಕೆನಿಸಿದೆ.
ನಲವತ್ತಡಿಯ ಟ್ರೇಲರ್ ಆಗಲೇ ಅಂಗಳದಲ್ಲಿದೆ,
ಬಾತುಕೋಳಿಯ ಕತ್ತು ಚಾಚಿಕೊಂಡು, ಎಳೆಯುವವರಿಲ್ಲದೆ.

ಮೊದಲನೆಯದು ಮಿಡ್‌ಲ್ಯಾಂಡಿನ ಷೋರೂಮಿನಲ್ಲಿ.
ಮುಖ ನೋಡಿಕೊಳ್ಳುವಷ್ಟು ಹೊಳಪು.
ಹುಡುಗ ಕುದುರೆಶಕ್ತಿ ಎಣಿಸತೊಡಗಿದ.
ಓಡಿಸುವುದಕ್ಕೆ ಏನಿದೆ ಅಂತ ಯಾರು ಬೇಕಾದರೂ ಹೇಳ್ತಾರೆ,
ನಿಲ್ಲಿಸುವುದಕ್ಕೆ ಏನಿದೆ ಕೇಳು, ಅಂದಿದ್ದ ಮಾವ.
ಕೇಳಿದೆ. ಹುಡುಗ ಸೀಟು ತಂಪಾಗುವ ಬಟನ್ ತೋರಿಸಿದ.

ಎರಡನೆಯದರ ಹೊಗೆಕೊಳವೆ ಕತ್ತರಿಸಿ
ಬುದ್ಧಿಗೆ ಏನೋ ಮದ್ದು ಹಾಕಿದ್ದರು.
ಮೂರನೆಯದರ ಬಾನೆಟ್ ಬೆಚ್ಚಗಿತ್ತು.

ನಾಲ್ಕನೆಯದು ಗಾರ್ಡನ್ ಸಿಟಿಯ ಆಚೆ, ಹತ್ತಿಹೊಲಗಳ ನಡುವೆ,
ಟೆಕ್ಲಾ ಹೊರಾಚೆಕ್ ಎಂಬ ಮುದುಕಿಯ ಷೆಡ್ಡಿನಲ್ಲಿ.
ಬಿಳಿ ಅನ್ನಬಹುದು, ಕಣ್ಣು ಕಿರಿದು ಮಾಡಿದರೆ.
ಮೈತುಂಬ ಆಲಿಕಲ್ಲಿನ ಗುಳಿ,
ಹಿಂದೆ ನಾಲ್ಕು ಟೈರು, ನಾಲ್ಕರದೂ ಒಂದೇ ಸವೆತ.
ಮೂರು ಲಕ್ಷ ಹತ್ತು ಸಾವಿರ ಮೈಲಿ.
ಅಂಗೈ ಇಟ್ಟೆ. ಕೊಡದ ನೀರಿನಷ್ಟು ತಣ್ಣಗೆ.

ಕೀಲಿ ಅರ್ಧ ತಿರುವಿ ದೀಪ ಆರುವವರೆಗೆ ಕಾದೆ.
ಎರಡು ಸಲ ಕೆಮ್ಮಿತು, ಒಂದು ತುತ್ತು ಬಿಳಿ ಹೊಗೆ,
ಆಮೇಲೆ ಆರು ಸಿಲಿಂಡರ್ ಸಾಲಾಗಿ ಕೂತು
ಊಟಕ್ಕೆ ಶುರುಮಾಡಿದಂಥ ಸದ್ದು.
ಎಣ್ಣೆಯ ಮುಚ್ಚಳ ಬಿಚ್ಚಿ, ಬಾಯಿಯ ಮೇಲೆ ಬೋರಲು ಇಟ್ಟೆ.
ಒಳಗೆ ಸವೆದಿದ್ದರೆ ಕುಣಿಯುತ್ತದೆ, ಹಾರುತ್ತದೆ.
ಇದು ರೈಲಿನ ಮೇಜಿನ ಲೋಟದ ಹಾಗೆ
ಸುಮ್ಮನೆ ನಡುಗುತ್ತ ಕೂತಿತ್ತು.

ಮುದುಕಿ ಒಂದು ನೋಟ್‌ಬುಕ್ ತಂದಳು.
ಎಣ್ಣೆ, ಫಿಲ್ಟರು, ಬೆಲ್ಟು, ತಾರೀಕು, ಮೈಲಿ:
ಇರುವೆ ಸಾಲಿನಂಥ ಅಕ್ಷರ, ಹತ್ತೊಂಬತ್ತು ವರ್ಷ.
ಕೊನೆಯ ಪುಟದಲ್ಲಿ ಅಕ್ಷರ ದುಂಡಗಾಗಿದೆ.
ಮೂರು ಸಲ ಎಣ್ಣೆ ಬದಲಾಗಿದೆ,
ಮೂರಕ್ಕೂ ಮೈಲಿ ಹೆಚ್ಚುಕಡಿಮೆ ಅದೇ.

ಓಡದ ಗಾಡಿಗೆ ಎಣ್ಣೆ ಯಾಕೆ ಬದಲಿಸಿದಿರಿ?
ಮಾರ್ಚ್ ಬಂತಲ್ಲ, ಅಂದಳು.
ಅವನು ಮಾರ್ಚಿನಲ್ಲಿ ಬದಲಿಸುತ್ತಿದ್ದ.

ಒಂದು ಕುಂದು ಹುಡುಕು, ಎರಡು ಸಾವಿರ ಇಳಿಸು:
ಇದೂ ಮಾವನ ಪಾಠ.
ಕುಂದು ಸಿಕ್ಕಿತ್ತು, ನಾಲಿಗೆಯ ತುದಿಯಲ್ಲಿತ್ತು.
ಅಷ್ಟರಲ್ಲಿ ಆಕೆಯೇ,
ಎಡಕ್ಕೆ ತಿರುಗಿಸುವಾಗ ಕಟಕಟ ಅನ್ನುತ್ತೆ ಮಗಳೇ,
ಮೊದಲೇ ಹೇಳಬೇಕಿತ್ತು, ಅಂದಳು.
ಆಕೆ ಕೇಳಿದಷ್ಟನ್ನೇ ಎಣಿಸಿ ಕೊಟ್ಟೆ.
ಮಾವ ಒಂದು ವಾರ ಬೈದ,
ಬೈಯುತ್ತಲೇ ಕೆಳಗೆ ಮಲಗಿ ಕೀಲಿಗೆ ಗ್ರೀಸು ತುಂಬಿದ.

ನಿನ್ನೆ ರಾತ್ರಿ, ಮೊದಲ ಸಾಗಣೆ.
ಹಿಂದೆ ಮೂರು ಟನ್ ಕಬ್ಬಿಣ, ಮುಂದೆ ಕತ್ತಲು,
ದೂರದಲ್ಲಿ ಅನಿಲ ಉರಿಯುವ ಎರಡು ದೀಪ.
ಫೋನು. ನನ್ನ ಕುರ್ಚಿಯಲ್ಲಿ ಕೂತ ಹೊಸ ಹುಡುಗ:
ಎಲ್ಲಿದ್ದೀಯ ಎಲ್ವಿರಾ?

ಡಾಂಬರು ಬಿಟ್ಟು ಮಣ್ಣುರಸ್ತೆಗೆ ಎಡಕ್ಕೆ ತಿರುಗಿಸುತ್ತಿದ್ದೆ.
ಕಟಕಟ.
ಕೇಳಿಸ್ತಾ? ಅಂದೆ.
ಏನು? ಅಂದ.