ಅಳೆದೂ ಸುರಿದೂ

ಕೂಸು ಹುಟ್ಟುವ ಮುನ್ನ ಕುಲಾವಿ ಅಂತಾರಲ್ಲ,
ನಮ್ಮದು ಅದರ ತಿರುವುಮುರುವು.
ರೆಕ್ಕೆ ಆಯಿತು, ಬಾಲ ಆಯಿತು,
ಬಾಲ್ಸಾ ಮೈಗೆ ಹಳದಿ ಹೊದಿಕೆ ಇಸ್ತ್ರಿಯಾಯಿತು,
ಮೂತಿ ಮಾತ್ರ ಖಾಲಿ.
ಕ್ಲೆಮ್ ಪಿಯರ್ಸಾಲನ ಗ್ಯಾರೇಜಿನಲ್ಲಿ
ನಾಲ್ಕು ತೂತಿನ ಪ್ಲೈವುಡ್ ಗೋಡೆಯೊಂದು
ಮೂರು ವಾರದಿಂದ ನಮ್ಮಿಬ್ಬರ ಮುಖ ನೋಡುತ್ತಿದೆ.

ಜೆರಾಲ್ಡ್‌ಟನ್ನಿನ ಗಾಳಿ ಗೊತ್ತಲ್ಲ,
ಗೊತ್ತಿಲ್ಲದಿದ್ದರೆ ಗ್ರೀನಫ್ ಬಯಲಿನ ಮರಗಳನ್ನು ಕೇಳಿ:
ನಿಂತಲ್ಲೇ ಸೊಂಟ ಬಗ್ಗಿಸಿ, ನೆಲಕ್ಕೆ ಕೂದಲು ಹರಡಿ
ಉತ್ತರಕ್ಕೆ ಮಲಗಿಬಿಟ್ಟಿವೆ.
ಇಲ್ಲಿ ಮಧ್ಯಾಹ್ನ ಹಾರಿಸುವವರಿಗೆ
ಬಲ ಬೇಕು, ಭಾರ ಬೇಡ.
ಭಾರವಿಲ್ಲದ ಬಲವನ್ನು ಯಾವ ಅಂಗಡಿ ಮಾರುತ್ತದೆ?

ಅಂಗಡಿಯ ಟೀಗನ್ ಹೇಳಿದಳು, ಬ್ಯಾಟರಿ ಹಾಕಿ.
ಎಣ್ಣೆಯಿಲ್ಲ, ಹೊಗೆಯಿಲ್ಲ, ಸೂಜಿ ತಿರುಪುವ ಗೋಳಿಲ್ಲ,
ಪಕ್ಕದ ಮನೆಯ ನಾಯಿಗೂ ಸುಳಿವು ಹತ್ತುವುದಿಲ್ಲ.
ನನಗದು ಸರಿಯೆನಿಸಿತು.
ಶುಕ್ರವಾರದವರೆಗೂ ಸರಿಯೆನಿಸಿತ್ತು.

ಶುಕ್ರವಾರ ಯಾರದೋ ಬ್ಯಾಟರಿ ವಿಮಾನ
ಕ್ಲೆಮ್‌ನ ಕೈಗೆ ಬಂತು, ಒಂದು ಸುತ್ತು ಹಾರಿಸಲು.
ಬಿಸಿಲಿಗೆ ಹೋದದ್ದು ಬಿಸಿಲಲ್ಲೇ ಕರಗಿತು.
"ಎಲ್ಲಿ?" ಅಂದ. ನೆತ್ತಿಯ ಮೇಲೇ ಇತ್ತು.
"ಎಲ್ಲಿ?" ಅಂದ ಮತ್ತೆ, ಆಕಾಶವನ್ನೆಲ್ಲ ಬಿಟ್ಟು
ನನ್ನ ಮುಖದಲ್ಲಿ ಹುಡುಕುತ್ತ.
ರಿಮೋಟು ಇಸಕೊಂಡು ನಾನೇ ಇಳಿಸಿದೆ.
ವಾಪಸು ಬರುವಾಗ ಇಬ್ಬರೂ
ಗಾಳಿಯ ವಿಷಯ ಮಾತಾಡಿದೆವು.

ಕಿವಿ ಪರೀಕ್ಷಿಸುವ ಕೆಲಸ ನನ್ನದು.
ಅವನ ಕಿವಿಯ ನಕ್ಷೆ ತೆಗೆದವಳೂ ನಾನೇ, ಮೇ ತಿಂಗಳಲ್ಲಿ.
ಎಡದಿಂದ ಮಟ್ಟಸವಾಗಿ ಬಂದ ಗೆರೆ
ಎರಡು ಸಾವಿರ ದಾಟಿದ್ದೇ ತಡ
ಮೂತಿ ಕೆಳಗೆ ಮಾಡಿ ಬಿದ್ದಿತ್ತು.
ನಲವತ್ತು ವರ್ಷ ಕ್ರೇಫಿಶ್ ದೋಣಿಗಳ ಹೊಟ್ಟೆಯಲ್ಲಿ
ಡೀಸೆಲ್ಲಿನ ಜೊತೆ ಕೂತವನಿಗೆ
ಹಕ್ಕಿ ಹೋಗಿದೆ, ಕೆಟಲಿನ ಸಿಳ್ಳೆ ಹೋಗಿದೆ,
ಮೊಮ್ಮಗಳ ಮಾತಿನ ಸಕಾರ ಶಕಾರ ಹೋಗಿವೆ.
ಉಳಿದದ್ದು ಗುಡುಗು, ಲಾರಿ,
ಬಂಡೆಗೆ ಬಡಿಯುವ ಕಡಲು.

ಶನಿವಾರ ಕ್ಲಬ್ಬಿನವರ ಹತ್ತಿರ ಎರಡು ಎಂಜಿನ್ ಕಡ ತಂದೆ.
ಏಕೆ ಅಂತ ಅವನು ಕೇಳಲಿಲ್ಲ.
ನಲವತ್ತಾರರ ಟೂ-ಸ್ಟ್ರೋಕು:
ಅಗ್ಗ, ಹಗುರ, ಬಿದ್ದರೂ ಬದುಕುವ ಜಾತಿ.
ಐವತ್ತೆರಡರ ಫೋರ್-ಸ್ಟ್ರೋಕು:
ತಲೆಯೊಳಗೆ ವಾಲ್ವು, ರಾಕರು, ಕಡ್ಡಿಯಂಥ ಪುಷ್‌ರಾಡು,
ಬೆಲೆ ದುಪ್ಪಟ್ಟು, ಮುಟ್ಟಿದರೆ ಮುನಿ.
ಇಂಧನದ ಡಬ್ಬಿ ತೆರೆದರೆ, ಮೆಥನಾಲಿನ ಘಾಟಿನಡಿ
ಹರಳೆಣ್ಣೆ! ಹರಿಹರದ ನಮ್ಮಜ್ಜಿ
ಕಿವಿನೋವಿಗೆ ಬೆಚ್ಚಗೆ ಮಾಡಿ ಬಿಡುತ್ತಿದ್ದದ್ದು.
ಈಗ ಯಾರಾದರೂ ಹಾಗೆ ಬಿಟ್ಟುಕೊಂಡು ಬಂದರೆ
ಬೈದು ಕಳಿಸುತ್ತೇನೆ.
ಎಂಜಿನ್ನಿಗಾದರೆ ಅಡ್ಡಿಯಿಲ್ಲ.

ಟೂ-ಸ್ಟ್ರೋಕು ಕಿರುಚಿತು.
ಹಲಗೆಗೆ ಬಿಗಿದ ಜಾಗದಿಂದ ಇಪ್ಪತ್ತು ಹೆಜ್ಜೆ
ಅವನನ್ನು ಹಿಂದಕ್ಕೆ ನಡೆಸಿದೆ, ಇನ್ನೂ ಇಪ್ಪತ್ತು.
ತಲೆಯಾಡಿಸಿದ. ಸೌಜನ್ಯಕ್ಕೆ ಆಡಿಸುವ ತಲೆ
ನನಗೆ ಗೊತ್ತು, ದಿನಾ ಆರು ನೋಡುತ್ತೇನೆ.

ಫೋರ್-ಸ್ಟ್ರೋಕು ಕೆಮ್ಮಿತು, ಒಮ್ಮೆ ಹಿಂದಕ್ಕೆ ಒದೆಯಿತು,
ಆಮೇಲೆ ಡುಗುಡುಗುಡುಗು ಅಂತ
ದಡದಾಚೆ ಹೊರಟ ದೋಣಿಯ ಹಾಗೆ ಹೊರಟಿತು.
ನಲವತ್ತು ಹೆಜ್ಜೆ ದೂರದಲ್ಲಿ, ಬೆನ್ನು ಮಾಡಿ ನಿಂತವನು
ಕೈ ಎತ್ತಿದ:
"ಇಂಧನ ಸಾಲದು ಅದಕ್ಕೆ. ಸೂಜಿ ತೆರೆ,
ಎರಡು ಹಲ್ಲು."
ತೆರೆದೆ. ಸರಿಹೋಯಿತು.
ನನಗೆ ಅಲ್ಲಿಯವರೆಗೂ
ತಪ್ಪೇ ಕೇಳಿಸಿರಲಿಲ್ಲ.

ಹೆಚ್ಚಿದ ಭಾರಕ್ಕೆ
ರಿಸೀವರಿನ ಬ್ಯಾಟರಿಯನ್ನು ಬಾಲದ ಕಡೆ ಸರಿಸಿದೆವು.
ಎರಡು ಬೆರಳ ಮೇಲೆ ಎತ್ತಿದರೆ ಈಗ ಅಲುಗದು.

ಸೋಮವಾರ ದುಡ್ಡು ಎಣಿಸಿಕೊಳ್ಳುತ್ತ ಟೀಗನ್ ಕೇಳಿದಳು,
ಅಳೆದೂ ಸುರಿದೂ ಕೊನೆಗೆ ಇದನ್ನೇ ಯಾಕೆ?
ಪರೀಕ್ಷೆಯ ಕೋಣೆಯ ಗುಟ್ಟು ಅಂಗಡಿಗೆ ಬರಬಾರದು.
ಶಬ್ದ ಚೆನ್ನಾಗಿದೆ, ಅಂದೆ.