ಮೊಲಕ್ಕೆ ಮೂರೇ ಕಾಲು

ಡಂಡೀ. ನಾಲ್ಕು ಗಂಟೆಗೇ ಟೇ ನದಿಯ ಮೇಲೆ ಕತ್ತಲು.
ನೆಲಮಾಳಿಗೆಯ ಈ ಕೋಣೆಯಲ್ಲಿ ಮಾತ್ರ
ಕತ್ತಲನ್ನು ನಾವೇ ಮಾಡಿಕೊಳ್ಳಬೇಕು:
ಕಪ್ಪು ಪರದೆ, ಬಾಗಿಲ ಸಂದಿಗೆ ಟೇಪು,
ಫೋನು ಬೋರಲು.

ಗಾಜಿನ ಮೇಲೆ ಜೀವಕೋಶಗಳು,
ನಿನ್ನೆ ಫಾರ್ಮಾಲಿನ್ ಬಿದ್ದಾಗ
ಇದ್ದ ಹಾಗೇ ಕಲ್ಲಾದವು.
ಮೊದಲು ಮೊಲದ ಪ್ರತಿಕಾಯ,
ಆಮೇಲೆ ಮೊಲವನ್ನು ಹುಡುಕಿ ಹಿಡಿಯುವ ಕತ್ತೆಯದು,
ಅದರ ಬಾಲಕ್ಕೆ ಹಸಿರು ದೀಪ.
ನಡುನಡುವೆ ತೊಳೆ, ತೊಳೆ, ತೊಳೆ.

ಎರಡು ವರ್ಷ ಇದನ್ನೇ ಕಂಡೆ:
ನೀಲಿ ನ್ಯೂಕ್ಲಿಯಸ್ಸಿನೊಳಗೆ ಮೂರು ಹಸಿರು ಚುಕ್ಕೆ.
ನಾಲ್ಕಿಲ್ಲ, ಎರಡಿಲ್ಲ.
ಪೋಸ್ಟರಿಗೆ ಹಾಕಿದೆ, ಗ್ಲಾಸ್ಗೋದಲ್ಲಿ ಚಪ್ಪಾಳೆ ಬಿತ್ತು.
ಅಮ್ಮನಿಗೂ ಕಳಿಸಿದೆ.
'ಚುಕ್ಕಿ ಇಟ್ಟು ಗೆರೆ ಎಳೆಯೋದು ಮರೆತೆಯೇನೇ?' ಅಂದಳು.

ಇವತ್ತು ಏಲೀ ಇನ್ನೊಂದು ಗಾಜು ತಂದಳು.
ಆ ಪ್ರೋಟೀನಿನ ಜೀನನ್ನೇ ಕತ್ತರಿಸಿ ತೆಗೆದ ಕೋಶಗಳು.
ಏನೂ ಹೇಳಲಿಲ್ಲ. ಕುರ್ಚಿ ಬಿಟ್ಟುಕೊಟ್ಟಳು.

ಮನೆಯಲ್ಲಿ ಯಾರೂ ಇಲ್ಲ.
ಮೂರು ದೀಪ ಉರಿಯುತ್ತಿವೆ.

ಹಾಗಾದರೆ ಇಷ್ಟು ದಿನ
ಯಾರ ಕೈ ಹಿಡಿದು ನಿಂತಿತ್ತು ಆ ಮೊಲ?
ಅದು ಸುಳ್ಳು ಹೇಳಲಿಲ್ಲ ಪಾಪ,
ಸಿಕ್ಕವರನ್ನು ಹಿಡಿಯಿತು.
ಹೆಸರಿಟ್ಟವಳು ನಾನು.

ದಿಟ್ಟಿಸಿದಷ್ಟೂ ಆರುವ ಜಾತಿಯ ಬೆಳಕು ಇದು.
ಶಟರ್ ಮುಚ್ಚಲು ಏಲೀ ಕೈಚಾಚಿದಳು.
ಇರಲಿ ಬಿಡು, ಅಂದೆ.
ಹಸಿರು ಬೂದಿಯಾಯಿತು, ಬೂದಿ ಕಪ್ಪಾಯಿತು,
ಎರಡು ವರ್ಷಕ್ಕೆ ನಾಲ್ಕು ನಿಮಿಷ ಸಾಕಾಯಿತು.

ಕತ್ತಲಲ್ಲೇ ತಡಕಿ
ನೋಟ್‌ಬುಕ್ಕಿನಲ್ಲಿ ತಾರೀಖು ಬರೆದೆ,
ಅದರ ಕೆಳಗೆ, ಸೊಟ್ಟಗೆ:
ಮೊಲಕ್ಕೆ ಕಾಲೆಷ್ಟೋ, ಗೊತ್ತಿಲ್ಲ.