ಕೈಗಡ

ಸಂಜೆ ಐದಕ್ಕೆ ಬಾಗಿಲು ತೆಗೆಯುತ್ತೇನೆ.
ತಗಡಿನ ಮನೆ, ಮಾಡಿನ ಮೇಲೆ ಹದಿನಾರು ಫಲಕ,
ಒಳಗೆ ಗೋಡೆಯುದ್ದಕ್ಕೂ ಗೂಡು, ಗೂಡಿಗೊಂದು ದೀಪ,
ಕಾವಿಗೆ ಕೂತ ಕೋಳಿಗಳ ಹಾಗೆ
ಕೆಂಪು ಚುಕ್ಕಿ ಹಸಿರಾಗುವುದನ್ನು ಕಾಯುತ್ತ.

ಈ ಉಕಾರಾ ದ್ವೀಪದಲ್ಲಿ
ನನ್ನನ್ನು ನ್ಯಾಮ್ವಿಜಾ ಎನ್ನುವವರು ಕಡಿಮೆ,
ಬಿಸಿಲಿನ ಗುಮಾಸ್ತೆ ಎಂದೇ ಕೂಗುತ್ತಾರೆ.
ಪುಸ್ತಕದಲ್ಲಿ ನಾಲ್ಕು ಅಂಕಣ:
ದೀಪ, ದೋಣಿ, ಕೊಟ್ಟ ಹೊತ್ತು, ಬಂದ ಹೊತ್ತು.
ಐದನೆಯದು, 'ಬಾರದಿದ್ದರೆ',
ಬರೆಯಲು ಕೈ ಬರಲಿಲ್ಲ.

ಚಂದ್ರನಿಲ್ಲದ ಇರುಳೇ ನಮಗೆ ಹಂಗಾಮು.
ಬೆಳದಿಂಗಳಿದ್ದರೆ ದಗಾ ಮೀನು
ಸರೋವರದ ತುಂಬ ಚೆಲ್ಲಿಹೋಗುತ್ತದೆ.
ಕತ್ತಲಲ್ಲಿ ಮಾತ್ರ ದೀಪದ ಬುಡಕ್ಕೆ ಮುಗಿಬೀಳುತ್ತದೆ,
ಕಿರುಬೆರಳುದ್ದದ ಬೆಳ್ಳಿಚೂರು.

ನಿನ್ನೆ, ಮೊನ್ನೆ, ಆಚೆ ಮೊನ್ನೆ
ಮೋಡ ಕಂಬಳಿ ಹೊದ್ದು ಮಲಗಿತ್ತು.
ಬ್ಯಾಟರಿಯ ಮುಳ್ಳು ಮೇಲೇಳಲೇ ಇಲ್ಲ.
ಇದೇ ತಂತಿ ಆಸ್ಪತ್ರೆಗೂ ಹೋಗುತ್ತದೆ;
ಅಲ್ಲಿ ಫ್ರಿಜ್ಜಿನಲ್ಲಿ, ಹೆಬ್ಬೆರಳಿನಷ್ಟು ಸೀಸೆಗಳಲ್ಲಿ,
ಎಳೆಮಕ್ಕಳ ಲಸಿಕೆ.
ನರ್ಸ್ ಕೊಕುಗೊಂಜಾ ಬಂದಳು, ಏನೂ ಕೇಳಲಿಲ್ಲ,
ಮೇಜಿನ ಮೇಲೊಂದು ಚೀಟಿ ಇಟ್ಟು ಹೋದಳು.
ಚೀಟಿಯಲ್ಲಿ ಒಂದೇ ಅಂಕಿ: ಏಳು.
ಎಂಟು ದಾಟಿದರೆ ಅದು ಬರೀ ನೀರು.

ದೀಪಕ್ಕೆ ನಾಲ್ಕೇ ಗಂಟೆಯ ಬೆಳಕು, ಅಂದೆ.
ಅಂಗಳ ಗುಯ್‌ಗುಟ್ಟಿತು.
"ನಾಲ್ಕು ಗಂಟೆಯಲ್ಲಿ ಮೀನು ಎದ್ದು ಮುಖ ಕೂಡ ತೊಳೆಯುವುದಿಲ್ಲ.
ಸೂಜಿಗಿರುವ ಬಿಸಿಲು ಹೊಟ್ಟೆಗಿಲ್ಲವೇ?"
ಮುಸಿಬಾನ ಗಂಟಲು ಎಲ್ಲರಿಗಿಂತ ಮೇಲೆ.
ಸೋಮವಾರ ಅವನ ಮಗಳಿಗೇ ಎರಡನೆಯ ಚುಚ್ಚುಮದ್ದು.
ನನಗೆ ಗೊತ್ತು, ಅವನಿಗೂ ಗೊತ್ತು.
ಗೊತ್ತಿದ್ದೇ ಬೈದ. ದೀಪ ಇಸಕೊಂಡ.

ಮುದುಕ ಮಾಫುರು ಮಾತ್ರ ನಕ್ಕು
ಅಟ್ಟದಿಂದ ಕರಾಬಾಯಿ ಇಳಿಸಿದ,
ಸೀಮೆಎಣ್ಣೆಯ ಹಳೆಯ ಪಂಪಿನ ದೀಪ.
ಬುಸ್ಸೆಂದಿತು. ಆ ವಾಸನೆಗೆ ನನ್ನ ಎದೆ ಹಿಡಿಯಿತು:
ಅಪ್ಪನ ಅಂಗಿ, ಅಪ್ಪನ ಕೆಮ್ಮು,
ಗಾಜು ಸಿಡಿದ ರಾತ್ರಿ ಅವನ ಎಡಗೈಯ ಸುಲಿದ ತೊಗಲು,
ಹಿಡಿದ ಮೀನಿನಲ್ಲಿ ಅರ್ಧ ತಾನೇ ಕುಡಿದುಬಿಡುತ್ತಿದ್ದ
ಆ ಹಿತ್ತಾಳೆ ಹೊಟ್ಟೆ.
ಆದರೂ ಬೆಳಗಿನ ತನಕ ಉರಿಯುತ್ತಿತ್ತು,
ಸುಳ್ಳೇಕೆ ಹೇಳಲಿ.

ರಾತ್ರಿ ದಂಡೆಯಲ್ಲಿ ಕೂತು ಎಣಿಸಿದೆ.
ಮೂವತ್ತೊಂದು ಬಿಳಿ, ಒಂದು ಹಳದಿ,
ಬೀದಿಯೇ ಇಲ್ಲದ ಊರೊಂದು ನೀರಿನ ಮೇಲೆ.
ಹನ್ನೊಂದರ ಸುಮಾರಿಗೆ ಬಿಳಿಗಳು
ಒಂದೊಂದೇ ಕಣ್ಣು ಮುಚ್ಚಿದವು.
ನಾನು ಕೊಟ್ಟಷ್ಟೇ, ನಿಮಿಷವೂ ಹೆಚ್ಚಿಲ್ಲ.

ಹಳದಿಯೊಂದು ಉಳಿಯಿತು.
ಆಮೇಲೆ ಕತ್ತಲಲ್ಲಿ ಹುಟ್ಟಿನ ಸದ್ದು,
ಎಲ್ಲ ದಿಕ್ಕಿನಿಂದಲೂ, ಅದರ ಕಡೆಗೇ.
ಬಲೆ ಯಾರದು, ಪಾಲು ಯಾರದು,
ಅಲ್ಲಿ ಏನು ಮಾತಾಯಿತೋ
ನನ್ನ ಪುಸ್ತಕಕ್ಕೆ ತಿಳಿಯದು.

ಬೆಳಿಗ್ಗೆ ಮೋಡ ಹರಿಯಿತು.
ಹೆಂಗಸರು ಮರಳ ಮೇಲೆ ದಗಾ ಹರವಿದರು.
ಬಿಸಿಲಿಗೆ ಇದು ಹಳೆಯ ಕಸುಬು,
ತಂತಿ ಬೇಡ, ಬಾಡಿಗೆ ಬೇಡ,
ಕಾಗೆ ಓಡಿಸಲು ಒಬ್ಬ ಹುಡುಗ ಸಾಕು.

ಮುಸಿಬಾ ದೀಪ ತಂದು ಸದ್ದು ಮಾಡಿಯೇ ಇಟ್ಟ.
ಬಂದ ಹೊತ್ತು: ಆರು ಇಪ್ಪತ್ತು.
ಜೊತೆಗೆ ಬಾಳೆಲೆಯಲ್ಲಿ ಒಂದು ಹಿಡಿ ಮೀನು,
ಚೂರು ಸೀಮೆಎಣ್ಣೆ ವಾಸನೆ.
"ನರ್ಸಿಗೆ," ಅಂದ. "ನಿನಗಲ್ಲ."

ಏಣಿ ಆನಿಸಿ ಮಾಡು ಹತ್ತಿದೆ,
ಫಲಕದ ಮೇಲಿನ ಹಕ್ಕಿ ಹಿಕ್ಕೆ ಒರೆಸಲು.